ಕಂಪ್ಯೂಟರಿನೊಳಗಿನ ಬೆಂತರ

ಪ್ರಶ್ನೆ: ಸರ್, ಜಮಖಂಡ್ಯಾಗ ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ನಡಸ್ತೀನಿ. ಮೊನ್ನೆ ನಮ್ಮಲ್ಲಿ ಕಲಿಯೋ ಹುಡುಗಿ ಒಬ್ಬಾಕಿ ನೌಕರಿಗೆ ಅರ್ಜಿ ಮೇಲ್ ಮಾಡಿದ್ಲು. ಚಾ ಕುಡಿಯೂದ್ರಾಗ ‘ಮೇಲರ್ ಡೀಮನ್’ ಅನ್ನೋ ಹೆಸರಿಂದ ಉತ್ತರ ಬಂತು. ಡಿಕ್ಷನರಿ ತಗದ್ರ ಡೀಮನ್ ಅಂದ್ರ ದೆವ್ವ, ಪಿಶಾಚಿ ಅಂತ ಐತಿ. ಹುಡುಗಿ ಗಾಬರಿ ಆಗ್ಯಾಳ. ನಮ್ಮ ಅತ್ತಿಯವರು ‘ಕಂಪ್ಯೂಟರಿಗೂ ಗಾಳಿ ಸೋಕತೈತೇನು?’ ಅಂತ ನಗ್ತಾರ. ಗೈಡಿನ್ಯಾಗ ಇದು ‘ಡಿಸ್ಕ್ ಆ್ಯಂಡ್ ಎಕ್ಸಿಕ್ಯೂಷನ್ ಮಾನಿಟರ್’ ಅನ್ನೋದರ ಸಣ್ಣ ರೂಪ ಅಂತ ಬರದಾರ. ವಾಟ್ಸಾಪಿನ್ಯಾಗ ಒಬ್ರು ‘ದೇವ, ಮಾನವ ಕೂಡಿ ಡೀಮನ್ ಆಗೈತಿ, ಎಲ್ಲಾ ಸಂಸ್ಕೃತದಿಂದಾನ ಹೋಗಿದ್ದು’ ಅಂತ ಕಳಿಸ್ಯಾರ. ಖರೇ ಯಾವುದು? ನೋಟ್ಸಿನ್ಯಾಗ ಕನ್ನಡದಾಗ ಏನಂತ ಬರೀಲಿ?

ಉತ್ತರ: ಮೊದಲು ಆ ಹುಡುಗಿಯ ಅರ್ಜಿಯ ಮಾತು. ಅದು ಮುಟ್ಟಿಲ್ಲ. ಮೇಲರ್ ಡೀಮನ್‌ನಿಂದ ಪತ್ರ ಬಂತೆಂದರೆ ನೀವು ಕಳಿಸಿದ್ದನ್ನು ಮುಟ್ಟಿಸಲು ಆಗಲಿಲ್ಲ ಎಂದಷ್ಟೇ ಅರ್ಥ. ಅದು ವೈರಸ್ ಅಲ್ಲ, ಯಾರೋ ಕುಳಿತು ಬರೆದ ಉತ್ತರವೂ ಅಲ್ಲ. ಆ ಇಂಗ್ಲಿಷ್ ಗದ್ದಲದ ನಡುವೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ, ಹುಡುಕಿ. 5ರಿಂದ ಶುರುವಾಗಿದ್ದರೆ ಪೂರ್ತಿ ನಿರಾಕರಣೆ. 550 ಇದ್ದರೆ ಬಹಳ ಸಲ ಅಂಥ ವಿಳಾಸವೇ ಅಲ್ಲಿಲ್ಲ ಎಂದಾಗುತ್ತದೆ: ಒಂದು ಚುಕ್ಕೆ ತಪ್ಪಿರುತ್ತದೆ, ಇಲ್ಲವೇ ಜಿಮೇಲ್ ಎನ್ನುವಲ್ಲಿ ಅಕ್ಷರ ಅದಲುಬದಲಾಗಿರುತ್ತದೆ. 4ರಿಂದ ಶುರುವಾಗಿದ್ದರೆ ತಾತ್ಕಾಲಿಕ ಅಡಚಣೆ. ಕಳಿಸುವ ಸರ್ವರ್ ತಾನೇ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸಿ ಆಮೇಲೆ ಕೈಬಿಡುತ್ತದೆ. ಚಾ ಮುಗಿಯುವಷ್ಟರಲ್ಲಿ ವಾಪಸ್ ಬಂದಿದೆ ಎಂದ ಮೇಲೆ ನಿಮ್ಮದು ಮೊದಲನೆಯ ಜಾತಿಯದೇ ಇರಬೇಕು. ವಿಳಾಸ ತಿದ್ದಿ ಮತ್ತೆ ಕಳಿಸಲಿ. ಡೀಮನ್‌ಗೆ ಮರುತ್ತರ ಬರೆಯುವುದು ವ್ಯರ್ಥ. ಅದನ್ನು ಓದುವವರಿಲ್ಲ.

ನೀವು ಕಳಿಸದೇ ಇದ್ದ ಪತ್ರವೊಂದು ಮುಟ್ಟಲಿಲ್ಲ ಎಂದು ಡೀಮನ್ ವರದಿ ಒಪ್ಪಿಸಿದರೆ ಮಾತು ಬೇರೆ. ಆಗ ಬಹುಶಃ ಯಾರೋ ನಿಮ್ಮ ವಿಳಾಸವನ್ನು ಕಳಿಸಿದವರ ಜಾಗದಲ್ಲಿ ಹಾಕಿ ಕಸದ ಮೇಲ್ ಹರಿಬಿಟ್ಟಿದ್ದಾರೆ. ನಿಮ್ಮ ‘ಸೆಂಟ್’ ಪೆಟ್ಟಿಗೆ ನೋಡಿಕೊಳ್ಳಿ, ಪಾಸ್‌ವರ್ಡ್ ಬದಲಿಸಿ. ಇನ್ನೊಂದು ಸೂಕ್ಷ್ಮ: ಈ ವಾಪಸ್ ಪತ್ರದ ಲಕೋಟೆಯಲ್ಲಿ ಕಳಿಸಿದವರ ವಿಳಾಸವನ್ನು ಬೇಕಂತಲೇ ಖಾಲಿ ಬಿಟ್ಟಿರುತ್ತಾರೆ. ಇಲ್ಲದಿದ್ದರೆ ವಾಪಸ್ ಪತ್ರವೂ ಮುಟ್ಟದೇ ಹೋದಾಗ ಅದಕ್ಕೊಂದು ವಾಪಸ್, ಆ ವಾಪಸ್ಸಿಗೊಂದು ವಾಪಸ್ ಎಂದು ಎರಡು ಸರ್ವರ್‌ಗಳು ಕೊನೆಯಿಲ್ಲದೆ ಹಾಯ್ದಾಡುತ್ತಿದ್ದವು.

ಈಗ ಹೆಸರಿಗೆ ಬರೋಣ. ಗೈಡಿನದು ತಪ್ಪು. ಇದು ಯಾವುದರ ಸಣ್ಣ ರೂಪವೂ ಅಲ್ಲ. ಹೆಸರು ಮೊದಲು ಬಂತು, ಅದಕ್ಕೆ ಒಪ್ಪುವ ಇಂಗ್ಲಿಷ್ ಪದಗಳನ್ನು ಆಮೇಲೆ ಯಾರೋ ಜೋಡಿಸಿದರು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಪ್ರಾಜೆಕ್ಟ್ ಮ್ಯಾಕ್’ ಶುರುವಾಯಿತು. ಐಬಿಎಂ 7094 ಎಂಬ ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಅಲ್ಲಿತ್ತು. ಅದನ್ನು ಕಟ್ಟಿದವರ ಮುಂದಾಳು ಫರ್ನಾಂಡೊ ಕೊರ್ಬಾಟೊ. 1990ರ ಟ್ಯೂರಿಂಗ್ ಪ್ರಶಸ್ತಿ ಅವರಿಗೇ ಬಂದದ್ದು. ಬಳಕೆದಾರರು ತಮ್ಮ ಕೆಲಸದಲ್ಲಿದ್ದಾಗ ಅವರ ಕಡತಗಳನ್ನು ತಾನಾಗಿಯೇ ಟೇಪಿಗೆ ನಕಲು ಮಾಡಿಡುವ ಒಂದು ಪ್ರೋಗ್ರಾಂ ಅಲ್ಲಿ ಓಡುತ್ತಿತ್ತು. ಯಾರೂ ಅದನ್ನು ಕರೆಯುತ್ತಿರಲಿಲ್ಲ, ಅದೂ ಯಾರನ್ನೂ ಕೇಳುತ್ತಿರಲಿಲ್ಲ. ಅಂಥ ಪ್ರೋಗ್ರಾಂಗಳನ್ನು ಅವರು ತಮಾಷೆಗೆ ಡೀಮನ್ ಎಂದರು. ಈ ಹೆಸರು ಭೌತಶಾಸ್ತ್ರದ ಮ್ಯಾಕ್ಸ್‌ವೆಲ್ ಡೀಮನ್‌ನಿಂದ ಹೊಳೆದದ್ದೆಂದು ಮುಂದೆ ಕೊರ್ಬಾಟೊ ಅವರೇ ತಿಳಿಸಿದ್ದಾರೆ. ಅಲ್ಲಿಂದ ಅದು ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ, 1969ರ ನಂತರ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ಗೆ ದಾಟಿತು. ಬರ್ಕಲಿಯಲ್ಲಿ ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ ಎಂಬ ಅಂಚೆ ಪ್ರೋಗ್ರಾಂ ಜಗತ್ತೆಲ್ಲ ಹರಡಿದಾಗ ಮೇಲರ್ ಡೀಮನ್ ಎಂಬ ಹೆಸರೂ ಜನಸಾಮಾನ್ಯರ ಇನ್‌ಬಾಕ್ಸ್‌ಗೆ ಬಂದು ಕುಳಿತಿತು.

ಹಾಗಾದರೆ ಮ್ಯಾಕ್ಸ್‌ವೆಲ್ ಡೀಮನ್ ಎಂದರೇನು? ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಗೆಳೆಯ ಪೀಟರ್ ಟೇಟ್‌ಗೆ ಬರೆದ ಪತ್ರದಲ್ಲಿ ಒಂದು ಕಲ್ಪನೆ ಮುಂದಿಟ್ಟ. ಗಾಳಿ ತುಂಬಿದ ಪೆಟ್ಟಿಗೆಗೆ ನಡುವೆ ಒಂದು ಅಡ್ಡಗೋಡೆ, ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ. ಕಿಂಡಿಯ ಬಳಿ ಅಣುಗಳನ್ನು ಒಂದೊಂದಾಗಿ ನೋಡಬಲ್ಲ ಚುರುಕುಗಣ್ಣಿನ ಒಂದು ಜೀವಿ. ಎಡದಿಂದ ವೇಗದ ಅಣು ಬಂದರೆ ಬಲಕ್ಕೆ ಬಿಡುತ್ತದೆ, ಬಲದಿಂದ ನಿಧಾನದ ಅಣು ಬಂದರೆ ಎಡಕ್ಕೆ ಬಿಡುತ್ತದೆ, ಉಳಿದವಕ್ಕೆ ಕದ ಮುಚ್ಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಲಭಾಗ ಬಿಸಿ, ಎಡಭಾಗ ತಣ್ಣಗೆ. ಉರುವಲಿಲ್ಲ, ದುಡಿಮೆಯಿಲ್ಲ, ಆದರೂ ಶಾಖ ತಾನಾಗಿ ಬೇರ್ಪಟ್ಟಿತು. ಉಷ್ಣಶಾಸ್ತ್ರದ ಎರಡನೇ ನಿಯಮ ಇದು ಆಗದು ಎನ್ನುತ್ತದೆ. ಆ ನಿಯಮ ಅಣುಗಳ ದೊಡ್ಡ ಜಾತ್ರೆಗೆ ಲೆಕ್ಕದ ಸರಾಸರಿಯಾಗಿ ನಿಜ, ಒಂದೊಂದು ಅಣುವಿಗೆ ಅಲ್ಲ ಎಂದು ತೋರಿಸುವುದು ಅವನ ಉದ್ದೇಶ. 1871ರ ತನ್ನ ಶಾಖದ ಪುಸ್ತಕದಲ್ಲೂ ಇದನ್ನು ಸೇರಿಸಿದ.

ಮ್ಯಾಕ್ಸ್‌ವೆಲ್ ಮಾತ್ರ ಅದನ್ನು ಡೀಮನ್ ಎನ್ನಲಿಲ್ಲ. ಹಾಗೆ ಕರೆದವನು ವಿಲಿಯಂ ಥಾಮ್ಸನ್, ನಾವು ಕೆಲ್ವಿನ್ ಎಂದು ಓದುವವನು, 1874ರಲ್ಲಿ. ಅವನ ಮನಸ್ಸಿನಲ್ಲಿದ್ದದ್ದು ಕೇಡಿಗ ಪಿಶಾಚಿಯಲ್ಲ, ನಡುವೆ ನಿಂತು ಕೆಲಸ ಮಾಡುವ ಹಳೆಯ ಗ್ರೀಕ್ ಡೈಮೋನ್. ಮ್ಯಾಕ್ಸ್‌ವೆಲ್‌ಗೆ ಆ ಹೆಸರು ಅಷ್ಟು ರುಚಿಸಿದಂತಿಲ್ಲ. ಟೇಟ್‌ಗೆ ಬರೆದ ಒಂದು ಚೀಟಿಯಲ್ಲಿ, ಇನ್ನು ಮೇಲೆ ಅವನನ್ನು ಡೀಮನ್ ಎನ್ನಬೇಡಿ, ವಾಲ್ವ್ ಎನ್ನಿ ಎಂದು ಚುಡಾಯಿಸಿದ್ದಾನೆ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಇದು ತಟ್ಟನೆ ತಿಳಿಯಬೇಕು. ನಲ್ಲಿ ನೀರಿಗೆ ವಾಲ್ ತಿರುವುವವನು ಯಾವ ಓಣಿಗೆ ಯಾವ ಹೊತ್ತಿನಲ್ಲಿ ಬಂದು ಹೋದ ಎಂದು ಯಾರೂ ನೋಡಿರುವುದಿಲ್ಲ, ಕೊಡ ತುಂಬಿದಾಗಷ್ಟೇ ಅವನು ಇದ್ದಾನೆಂದು ಗೊತ್ತು. ಅವನ ಹೆಸರು ನೆನಪಾಗುವುದು ನೀರು ಬಾರದ ದಿನ. ಸರ್ವರ್‌ನ ಡೀಮನ್‌ಗಳ ಬಾಳೂ ಇದೇ.

ಆ ಪೆಟ್ಟಿಗೆಯ ಒಗಟು ಬಿಡಿಸಲು ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1929ರಲ್ಲಿ ಲಿಯೋ ಸಿಲಾರ್ಡ್ ಡೀಮನ್‌ನ ತಿಳಿವಳಿಕೆಗೂ ಬೆಲೆ ಕಟ್ಟಬೇಕೆಂದ. 1961ರಲ್ಲಿ ಐಬಿಎಂನ ರೋಲ್ಫ್ ಲ್ಯಾಂಡೌವರ್, ಒಂದು ಬಿಟ್ ಮಾಹಿತಿಯನ್ನು ಅಳಿಸಿದರೆ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕು ಎಂದು ತೋರಿಸಿದ. 1982ರಲ್ಲಿ ಚಾರ್ಲ್ಸ್ ಬೆನೆಟ್ ಎರಡನ್ನೂ ಕೂಡಿಸಿದ: ಯಾವ ಅಣು ಹೇಗೆ ಬಂತೆಂದು ಡೀಮನ್ ನೆನಪಿಟ್ಟುಕೊಳ್ಳಬೇಕು, ತಲೆ ತುಂಬಿದಾಗ ಅಳಿಸಬೇಕು, ಅಳಿಸುವಾಗ ದಂಡ ಕಟ್ಟಬೇಕು. ಎರಡನೇ ನಿಯಮ ಉಳಿಯಿತು. ಭೌತಶಾಸ್ತ್ರದ ಕಲ್ಪನೆಯಿಂದ ಕಂಪ್ಯೂಟರಿಗೆ ಹೋದ ಡೀಮನ್, ಕಂಪ್ಯೂಟರಿನವರ ಮಾಹಿತಿ ಶಾಸ್ತ್ರ ಹಿಡಿದುಕೊಂಡು ಭೌತಶಾಸ್ತ್ರಕ್ಕೆ ತವರಿಗೆ ಬಂದಂತಾಯಿತು.

ಇನ್ನು ಗ್ರೀಕರದು. ಹೋಮರನ ಕಾವ್ಯಗಳಲ್ಲಿ ಕವಿಗೆ ಯಾವ ದೇವತೆ ಏನು ಮಾಡಿತು ಎಂದು ಗೊತ್ತು, ಹೆಸರು ಹಿಡಿದು ಹೇಳುತ್ತಾನೆ. ಪಾತ್ರಗಳಿಗೆ ಗೊತ್ತಿಲ್ಲ, ಅವರು ‘ಯಾವುದೋ ಡೈಮೋನ್ ಹೀಗೆ ಮಾಡಿತು’ ಎನ್ನುತ್ತಾರೆ. ನಿಮ್ಮ ಅತ್ತೆಯವರ ‘ಗಾಳಿ’ ಅದೇ ಜಾತಿಯ ಮಾತು. ಕಂಡವರಿಲ್ಲ, ಹೆಸರಿಲ್ಲ, ಆದರೆ ಏನೋ ಆಗಿದೆ. (ಯಂತ್ರ ನಿಧಾನವಾದಾಗ ‘ಹಿಂದ ಏನೋ ಓಡಾಕತ್ತೈತಿ ಸರ್’ ಎನ್ನುವ ನಮ್ಮ ಲ್ಯಾಬಿನ ಹುಡುಗರೂ ಹೋಮರನ ಪಾತ್ರಗಳೇ.) ಹೋಮರನ ನಂತರ ಕವಿ ಹೆಸಿಯಡ್, ಸುವರ್ಣಯುಗದ ಮನುಷ್ಯರು ಸತ್ತ ಮೇಲೆ ಡೈಮೋನ್‌ಗಳಾಗಿ ಮಂಜಿನಲ್ಲಿ ಮರೆಯಾಗಿ ತಿರುಗುತ್ತ ಉಳಿದವರನ್ನು ಕಾಯುತ್ತಾರೆ ಎಂದ.

ಸಾಕ್ರೆಟಿಸ್‌ಗೆ ಚಿಕ್ಕಂದಿನಿಂದ ಒಳಗೊಂದು ದನಿ ಕೇಳುತ್ತಿತ್ತಂತೆ. ಅದಕ್ಕೆ ‘ಡೈಮೋನಿಯೋನ್’ ಎಂದು ಹೆಸರು. ಪ್ಲೇಟೊ ಬರೆದಂತೆ ಆ ದನಿ ಎಂದೂ ‘ಇದನ್ನು ಮಾಡು’ ಎನ್ನುತ್ತಿರಲಿಲ್ಲ, ತಪ್ಪು ಹೆಜ್ಜೆ ಇಡುವಾಗ ತಡೆಯುತ್ತಿತ್ತು ಅಷ್ಟೆ. ಕ್ರಿ.ಪೂ. 399ರಲ್ಲಿ ಅವನ ಮೇಲೆ ಹೊರಿಸಿದ ಆರೋಪಗಳಲ್ಲಿ ಊರಿನ ದೇವರನ್ನು ಬಿಟ್ಟು ಹೊಸ ‘ಡೈಮೋನಿಯ’ಗಳನ್ನು ತಂದ ಎಂಬುದೂ ಒಂದು. ಇನ್ನೊಂದು ಸಂವಾದದಲ್ಲಿ ಇದೇ ಪ್ಲೇಟೊ, ಡಿಯೊಟಿಮಾ ಎಂಬ ಹೆಂಗಸಿನ ಬಾಯಲ್ಲಿ ಒಂದು ಮಾತು ಆಡಿಸುತ್ತಾನೆ: ಪ್ರೇಮ ದೇವರೂ ಅಲ್ಲ, ಮನುಷ್ಯನೂ ಅಲ್ಲ, ಎರಡರ ನಡುವಿನ ದೊಡ್ಡ ಡೈಮೋನ್. ಮನುಷ್ಯರ ಪ್ರಾರ್ಥನೆಯನ್ನು ಮೇಲಕ್ಕೆ, ದೇವರ ಅಪ್ಪಣೆಯನ್ನು ಕೆಳಕ್ಕೆ ಒಯ್ಯುವುದು ಅದರ ಕೆಲಸ. ನನ್ನ ಮಟ್ಟಿಗೆ ಡೀಮನ್‌ಗೆ ಇದಕ್ಕಿಂತ ಒಳ್ಳೆಯ ವಿವರಣೆ ಯಾವ ಆಪರೇಟಿಂಗ್ ಸಿಸ್ಟಮ್ ಪುಸ್ತಕದಲ್ಲೂ ಇಲ್ಲ. ಅಂದ ಹಾಗೆ ಬೆಳಗಾವಿಯ ಮರಾಠಿ ಮಾತಿನಲ್ಲಿ ಭರ್ಜರಿಯಾದದ್ದಕ್ಕೆ ‘ಅಫಲಾತೂನ್’ ಎನ್ನುತ್ತಾರಲ್ಲ, ಆ ಅಫಲಾತೂನ್ ಈ ಪ್ಲೇಟೊನೇ. ಅರಬ್ಬಿ, ಫಾರಸಿ ದಾಟಿ ಬಂದವನು.

ಅಂದರೆ ಕ್ರಿಸ್ತಪೂರ್ವದ ಗ್ರೀಕನಿಗೆ ಡೈಮೋನ್ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕೆಟ್ಟದ್ದಾದದ್ದು ಧರ್ಮ ಬದಲಾದಾಗ. ಕ್ರಿ.ಪೂ. ಮೂರನೇ ಶತಮಾನದಿಂದ ಯೆಹೂದ್ಯರ ಧರ್ಮಗ್ರಂಥವನ್ನು ಹೀಬ್ರೂವಿನಿಂದ ಗ್ರೀಕಿಗೆ ತರುವ ಕೆಲಸ ನಡೆಯಿತು. ಕೀರ್ತನೆಯೊಂದರಲ್ಲಿ ಪರಜನಾಂಗಗಳ ದೇವರೆಲ್ಲ ಕೆಲಸಕ್ಕೆ ಬಾರದ ಬೊಂಬೆಗಳು ಎಂದಿರುವ ಕಡೆ ಅನುವಾದಕರು ‘ಡೈಮೋನಿಯ’ ಎಂದು ಹಾಕಿದರು. ಹೊಸ ಒಡಂಬಡಿಕೆಯಲ್ಲಿ ಯೇಸು ರೋಗಿಗಳಿಂದ ಬಿಡಿಸುವುದು ಇವನ್ನೇ. ಕನ್ನಡ ಬೈಬಲಿನಲ್ಲಿ ಅಲ್ಲಿ ‘ದೆವ್ವ’ ಎಂದಿದೆ. ಒಬ್ಬನೇ ದೇವರೆಂದ ಮೇಲೆ ನಡುವಿನವರಿಗೆ ಜಾಗವಿರಲಿಲ್ಲ. ದೇವದೂತರ ಪಟ್ಟಿಯಲ್ಲಿ ಸಿಗದವರೆಲ್ಲ ಪಿಶಾಚಿಗಳ ಪಟ್ಟಿಗೆ ಬಿದ್ದರು. ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂದದ್ದು ಈ ಬಿದ್ದ ಅರ್ಥ. ನಿಮ್ಮ ಡಿಕ್ಷನರಿ ಕೊಟ್ಟದ್ದೂ ಅದನ್ನೇ. ಹಳೆಯ ಅರ್ಥ ಬೇಕಾದವರು ಹಳೆಯ ಕಾಗುಣಿತ ಉಳಿಸಿಕೊಂಡರು. ಮೇಲರ್ ಡೀಮನ್‌ನ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರ ಹೆಚ್ಚಿಗೆ ಕಾಣುತ್ತದಲ್ಲ, ಅದು ಇದಕ್ಕೇ.

ವಾಟ್ಸಾಪಿನವರ ‘ದೇವ-ಮಾನವ’ ಪೂರ್ತಿ ಹುಸಿ. ‘ದೇವ’ ಬಂದದ್ದು ಹೊಳೆಯುವ ಅರ್ಥದ ಬೇರಿನಿಂದ. ಗ್ರೀಕರ ಜ್ಯೂಸ್, ಲ್ಯಾಟಿನ್ನಿನ ಡೇಉಸ್ ಅದರ ನೆಂಟರು. ಡೈಮೋನ್ ಬಂದದ್ದು ‘ಹಂಚು, ಪಾಲು ಮಾಡು’ ಎಂಬ ಬೇರಿನಿಂದ: ಯಾರಿಗೆ ಎಷ್ಟು ಎಂದು ಹಂಚುವ ಶಕ್ತಿ. ಆ ಬೇರಿಗೆ ಸಂಸ್ಕೃತದಲ್ಲಿ ಬಂಧುಗಳಿಲ್ಲ ಎಂದೇನಲ್ಲ. ಪಿತ್ರಾರ್ಜಿತದ ಪಾಲಿಗೆ ‘ದಾಯ’ ಎನ್ನುತ್ತಾರೆ, ಅದನ್ನು ಪಡೆಯುವವನು ದಾಯಾದಿ. ಡೀಮನ್‌ಗೆ ನಮ್ಮ ಕಡೆ ರಕ್ತಸಂಬಂಧಿ ಯಾರೆಂದರೆ ದೇವರಲ್ಲ, ಹೊಲದ ವಾಟ್ನಿಗೆ ಕೋರ್ಟು ಹತ್ತುವ ದಾಯಾದಿ! ಪಾಲು ಎಂಬುದೇ ದೈವವಾಗುವ ದಾರಿ ನಮಗೂ ಹೊಸದಲ್ಲ. ಭಾಗದಿಂದ ಭಾಗ್ಯ. ಪಾಲಿಗೆ ಬಂದದ್ದು ಪಂಚಾಮೃತ. ಗ್ರೀಕರು ಸುಖವನ್ನು ‘ಯುಡೈಮೋನಿಯ’ ಎಂದದ್ದೂ ಇದೇ ಲೆಕ್ಕ, ಒಳ್ಳೆಯ ಡೈಮೋನ್ ಪಾಲಿಗೆ ಬಂದವನ ಸ್ಥಿತಿ. ಇಂಗ್ಲಿಷಿನ ಡೆವಿಲ್‌ಗೂ ದೇವರಿಗೂ ನಂಟಿಲ್ಲ, ಡೀಮನ್‌ಗೂ ಇಲ್ಲ. ಅದು ಚಾಡಿಕೋರ ಎಂಬರ್ಥದ ಬೇರೆ ಗ್ರೀಕ್ ಪದ.

ಆದರೆ ಡೈಮೋನ್‌ಗೆ ಆದ ಗತಿ ನಮ್ಮ ಪದಗಳಿಗೂ ಆಗಿದೆ. ನಮ್ಮ ‘ದೆವ್ವ’ ಎಲ್ಲಿಂದ ಬಂತು? ದೇವ, ದೈವಗಳ ಮನೆಯಿಂದಲೇ ಬಂದ ತದ್ಭವ ಅದು. ಸಂಸ್ಕೃತದ ರೂಪ ಗುಡಿಯೊಳಗೆ ಉಳಿಯಿತು, ತದ್ಭವ ಹುಣಸಿ ಮರ ಹತ್ತಿತು. ಕರಾವಳಿಯಲ್ಲಿ ‘ದೈವ’ ಇಂದಿಗೂ ಹಳೆಯ ಅರ್ಥದಲ್ಲೇ ಇದೆ: ನಡೆದುಕೊಂಡರೆ ಕಾಯುತ್ತದೆ, ತಪ್ಪಿದರೆ ಕಾಡುತ್ತದೆ. ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತದಲ್ಲಿ ಇನ್ನೂ ಮಜ, ಅಲ್ಲಿ ‘ದಏವ’ರೇ ಕೇಡಿಗರು, ‘ಅಹುರ’ ಪರಮದೇವ. ನಮ್ಮ ದೇವಾಸುರರು ಅಲ್ಲಿ ತಲೆಕೆಳಗು.

ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸುವ ಪದ ಇನ್ನೊಂದಿದೆ. ನಮ್ಮ ಹಿರಿಯರ ಬಾಯಲ್ಲಿ ‘ಬೆಂತರ’ ಎಂದು ಕೇಳಿರುತ್ತೀರಿ, ಅಲೆಮಾರಿ ಪಿಶಾಚಿ ಎಂಬಂತೆ. ಅದರ ಮೂಲ ಜೈನರ ‘ವ್ಯಂತರ’. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ದೇವತೆಗಳಿಗೆ ನಾಲ್ಕು ವರ್ಗ: ಭವನವಾಸಿ, ವ್ಯಂತರ, ಜ್ಯೋತಿಷ್ಕ, ವೈಮಾನಿಕ. ವ್ಯಂತರರು ಗುಡ್ಡ, ಗುಹೆ, ಕಾಡು ಎಂದು ನಾನಾ ಅಂತರಗಳಲ್ಲಿ ಇರುವವರು. ಅವರಲ್ಲಿ ಎಂಟು ಬಗೆ. ಕಿನ್ನರ, ಗಂಧರ್ವ, ಯಕ್ಷರೂ ಅದೇ ಪಂಕ್ತಿಯಲ್ಲಿ, ರಾಕ್ಷಸ, ಭೂತ, ಪಿಶಾಚರೂ ಅದೇ ಪಂಕ್ತಿಯಲ್ಲಿ. ಒಳ್ಳೆಯವರು ಕೆಟ್ಟವರು ಎಂದು ಬೇರೆ ಮನೆ ಇಲ್ಲ. ಹನ್ನೆರಡನೇ ಶತಮಾನಕ್ಕೆ ಬರುವಷ್ಟರಲ್ಲಿ ಕನ್ನಡದಲ್ಲಿ ಅವರ ಮಾನ ಇಳಿದಿತ್ತು. ಬಸವಣ್ಣನವರು ಒಂದು ವಚನದಲ್ಲಿ ಮಾರಯ್ಯ, ಬೀರಯ್ಯರ ಸಾಲಿಗೆ ಅಂತರಬೆಂತರರನ್ನೂ ಸೇರಿಸಿ, ಇವೆಲ್ಲ ನೂರು ಮಡಕೆ, ಕೂಡಲಸಂಗಮನಿಗೆ ಶರಣೆಂಬ ಒಂದೇ ದಡಿ (ದೊಣ್ಣೆ) ಸಾಲದೆ ಎನ್ನುತ್ತಾರೆ. ಏಕದೇವನಿಷ್ಠೆ ಬಂದಾಗ ಮೆಡಿಟರೇನಿಯನ್ ತೀರದಲ್ಲಿ ಆದದ್ದೇ ಮಲಪ್ರಭೆ-ಕೃಷ್ಣೆಯ ದಂಡೆಯಲ್ಲೂ ಆಯಿತು. ಪದ ಬದುಕಿತು, ಪದವಿ ಹೋಯಿತು.

ವಿಜಯಪುರದ ಓಣಿಗಳಲ್ಲಿ ಕೇಳುವ ‘ಜಿನ್’ ಕೂಡ ಇಲ್ಲಿ ನೆನೆಯುವಂಥದ್ದು. ಅರಬ್ಬಿಯಲ್ಲಿ ಅದರ ಬೇರಿನ ಅರ್ಥ ‘ಮರೆಯಾಗಿರು’. ಗರ್ಭದಲ್ಲಿ ಮರೆಯಾಗಿರುವ ಶಿಶು ‘ಜನೀನ್’, ಬುದ್ಧಿಗೆ ಮರೆ ಬಿದ್ದವನು ‘ಮಜ್ನೂನ್’. ಜಿನ್‌ಗಳಲ್ಲೂ ಒಳ್ಳೆಯವು ಉಂಟು. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗೆ ಅರ್ಥದ ಲೆಕ್ಕದಲ್ಲಿ ಡೀಮನ್‌ಗಿಂತ ಜಿನ್ ಎಂಬ ಹೆಸರೇ ಹೆಚ್ಚು ಒಪ್ಪುತ್ತಿತ್ತು.

ಇನ್ನು ಪ್ರೋಗ್ರಾಂ ಡೀಮನ್ ಆಗುವ ಬಗೆ. ನೋಟ್ಸಿಗೆ ಇದು ಬೇಕು. ಯುನಿಕ್ಸ್‌ನಲ್ಲಿ ಹಳೆಯ ಪದ್ಧತಿ ಹೀಗೆ: ಪ್ರೋಗ್ರಾಂ ತನ್ನದೇ ನಕಲಾದ ಒಂದು ಮರಿಯನ್ನು ಹುಟ್ಟಿಸಿ ತಾನು ಮುಗಿದುಹೋಗುತ್ತದೆ. ಅನಾಥವಾದ ಮರಿಯನ್ನು 1ನೇ ಸಂಖ್ಯೆಯ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂಗೆ ಆ ಹೆಸರು) ದತ್ತು ತೆಗೆದುಕೊಳ್ಳುತ್ತದೆ. ಮೊದಲು ಅದು ‘ಇನಿಟ್’, ಈಗ ಬಹುತೇಕ ಲಿನಕ್ಸ್‌ಗಳಲ್ಲಿ ‘ಸಿಸ್ಟಮ್‌ಡಿ’. ಮರಿ ಹೊಸ ಸೆಷನ್ ಮಾಡಿಕೊಂಡು ಟರ್ಮಿನಲ್ಲಿನ (ಬಳಕೆದಾರ ಆಜ್ಞೆ ಬರೆಯುವ ಪರದೆಯ) ಹಂಗು ಕಡಿದುಕೊಳ್ಳುತ್ತದೆ, ಮೂಲ ಡೈರೆಕ್ಟರಿಗೆ ಹೋಗಿ ನಿಲ್ಲುತ್ತದೆ (ಇಲ್ಲದಿದ್ದರೆ ತಾನು ನಿಂತ ಡಿಸ್ಕನ್ನು ಕಳಚಲು ಬಿಡುವುದಿಲ್ಲ), ಇನ್‌ಪುಟ್, ಔಟ್‌ಪುಟ್, ಎರರ್ ಎಂಬ ಮೂರೂ ದಾರಿಗಳನ್ನು ಬಂದದ್ದನ್ನೆಲ್ಲ ನುಂಗಿಬಿಡುವ ಶೂನ್ಯ ಸಾಧನಕ್ಕೆ ತಿರುಗಿಸುತ್ತದೆ. ಆಮೇಲೆ ಅದು ಮಾತಾಡುವುದು ಲಾಗ್ ಕಡತದಲ್ಲಿ ಮಾತ್ರ. ಈಗ ಸಿಸ್ಟಮ್‌ಡಿ ತಾನೇ ಇದನ್ನೆಲ್ಲ ಮಾಡಿಕೊಡುವುದರಿಂದ ಹೊಸ ಪ್ರೋಗ್ರಾಂಗಳಿಗೆ ಈ ವ್ರತ ಬೇಕಿಲ್ಲ. ಹೆಸರಿನ ಕೊನೆಗೆ ‘ಡಿ’ ಹಚ್ಚುವ ರೂಢಿ ಉಳಿದಿದೆ: ಎಸ್‌ಎಸ್‌ಎಚ್‌ಡಿ, ಎಚ್‌ಟಿಟಿಪಿಡಿ, ಆಂಡ್ರಾಯ್ಡ್ ಫೋನಿನೊಳಗಿನ ಲಾಗ್‌ಡಿ, ನೆಟ್‌ಡಿ. ರೂಢಿ ಅಷ್ಟೆ, ನಿಯಮವಲ್ಲ. ವಿಂಡೋಸ್‌ನವರು ಇದನ್ನೇ ‘ಸರ್ವಿಸ್’ ಎಂದು ಕರೆಯುತ್ತಾರೆ.

ಯುನಿಕ್ಸ್‌ನಲ್ಲಿ ದೆವ್ವ ಎನ್ನಿಸಿಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಅದು ‘ಜೋಂಬಿ’ಗೆ. ಮರಿ ಪ್ರೊಸೆಸ್ ಸತ್ತಿರುತ್ತದೆ, ಆದರೆ ಹುಟ್ಟಿಸಿದ ಪ್ರೊಸೆಸ್ ಬಂದು ಅದರ ಕೊನೆಯ ಸ್ಥಿತಿ ವಿಚಾರಿಸುವವರೆಗೂ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ‘ಕಿಲ್’ ಆಜ್ಞೆ ಅದಕ್ಕೆ ನಾಟುವುದಿಲ್ಲ. ಸತ್ತದ್ದನ್ನು ಮತ್ತೆ ಕೊಲ್ಲುವುದು ಹೇಗೆ? ಹುಟ್ಟಿಸಿದ್ದೂ ಸತ್ತರೆ 1ನೇ ಪ್ರೊಸೆಸ್ ಬಂದು ಆ ಕರ್ಮ ಮುಗಿಸುತ್ತದೆ.

ನೋಟ್ಸಿನಲ್ಲಿ ‘ದೆವ್ವ’ ಬರೆಯಬೇಡಿ, ತಪ್ಪಾಗುತ್ತದೆ. ‘ದೈವ’ವೂ ಬೇಡ, ವಾಟ್ಸಾಪಿನವರಿಗೆ ಇನ್ನೊಂದು ಮೆಸೇಜಿಗೆ ಸರಕಾಗುತ್ತದೆ. ‘ಬೆಂತರ’ ಬಾಯಿಮಾತಿಗೆ ಚೆಂದ, ಪರೀಕ್ಷೆಗೆ ಅಲ್ಲ. ‘ಡೀಮನ್’ ಎಂದೇ ಬರೆದು ವಿವರ ಕೊಡಿ: ಯಾವ ಟರ್ಮಿನಲ್ಲಿಗೂ ಅಂಟಿಕೊಳ್ಳದೆ, ಬಳಕೆದಾರ ಕರೆಯುವುದಕ್ಕೆ ಕಾಯದೆ ಹಿನ್ನೆಲೆಯಲ್ಲಿ ಓಡುತ್ತ, ಹೊತ್ತು ಅಥವಾ ಕೋರಿಕೆ ಬಂದಾಗ ಕೆಲಸ ಮಾಡುವ ಪ್ರೋಗ್ರಾಂ. ಕೆಲವರು ಡೇಮನ್ ಎನ್ನುತ್ತಾರೆ, ಅದನ್ನು ತಿದ್ದುವ ಗೋಜಿಗೆ ಹೋಗಬೇಡಿ, ಎರಡೂ ನಡೆಯುತ್ತವೆ. ಗೈಡಿನ ವಿಸ್ತೃತ ರೂಪ ಪರೀಕ್ಷೆಯಲ್ಲಿ ನಾಲ್ಕು ಆಯ್ಕೆಗಳ ನಡುವೆ ಬಂದರೆ ಹುಡುಗರು ಅಂಕಕ್ಕಾಗಿ ಅದನ್ನೇ ಗುರುತು ಹಾಕಲಿ, ನಿಮ್ಮ ನೋಟ್ಸಿಗೆ ಮಾತ್ರ ಅದನ್ನು ಸೇರಿಸಬೇಡಿ. ಕ್ಲಾಸಿನಲ್ಲಿ ಲಿನಕ್ಸ್ ಇರುವ ಒಂದು ಯಂತ್ರವಿದ್ದರೆ ‘ಪಿಎಸ್ -ಇಎಫ್’ ಆಜ್ಞೆ ಕೊಡಿಸಿ ‘ಟಿಟಿವೈ’ ಎಂಬ ಕಂಬಸಾಲು ನೋಡಲು ಹೇಳಿ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವವು ಟರ್ಮಿನಲ್ ಇಲ್ಲದವು. ಚೌಕ ಆವರಣದೊಳಗಿನ ಹೆಸರುಗಳು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಸ್ವಂತ ಎಳೆಗಳು (ಥ್ರೆಡ್), ಅವನ್ನು ಬಿಡಿ. ಉಳಿದವುಗಳಲ್ಲಿ ಡೀಮನ್‌ಗಳನ್ನು ಹುಡುಗರೇ ಆರಿಸಲಿ.